ಕೊನೆಯ ಓಕೆ ಯಾರದ್ದು?

ಪತ್ರಿಕೋದ್ಯಮ ಓದಿದವರಿಗೆಲ್ಲ ಲ್ಯಾಬ್ ಜರ್ನಲ್ ಗೊತ್ತಿರುತ್ತದೆ. ವಿಭಾಗದಿಂದ ತಿಂಗಳಿಗೊಂದು ಬರುವ ನಾಲ್ಕು ಪುಟದ ಪತ್ರಿಕೆ. ನಾನು ಎಂ.ಎ. ಮಾಡುವಾಗ ನಮ್ಮದೂ ಒಂದಿತ್ತು. ಸುದ್ದಿ ತರುವವರು ನಾವು, ಪುಟ ಕಟ್ಟುವವರು ನಾವು. ಆದರೆ ಪ್ರಿಂಟಿಗೆ ಹೋಗುವ ಮುಂಚೆ ಪ್ರೂಫ್ ಎರಡು ದಿನ ಎಚ್‌ಒಡಿ ಟೇಬಲ್ ಮೇಲೆ ಕೂರುತ್ತಿತ್ತು. ವಾಪಸ್ ಬರುವಾಗ ಹಾಸ್ಟೆಲ್ ಊಟದ ಸುದ್ದಿ ಇದ್ದ ಜಾಗಕ್ಕೆ ಎನ್‌ಎಸ್‌ಎಸ್ ಶಿಬಿರದ ಫೋಟೊ ಬಂದಿರುತ್ತಿತ್ತು. ಯಾರೂ ಬೈಯುತ್ತಿರಲಿಲ್ಲ. ದೊಡ್ಡವರು ಒಮ್ಮೆ ನೋಡಬೇಕಲ್ವಾ ಅಂತ ನಾವೂ ಸುಮ್ಮನಿದ್ದೆವು.

ಆಮೇಲೆ ಅಮೆರಿಕದ ಒಂದು ವಿಶ್ವವಿದ್ಯಾಲಯಕ್ಕೆ ಓದಲು ಹೋದೆ. ಸ್ಟೂಡೆಂಟ್ ವೀಸಾದವರು ತರಗತಿ ನಡೆಯುವ ದಿನಗಳಲ್ಲಿ ಕ್ಯಾಂಪಸ್ ಒಳಗೆ ವಾರಕ್ಕೆ 20 ಗಂಟೆ ಮಾತ್ರ ದುಡಿಯಬಹುದು. ಜೊತೆಯವರಿಗೆ ಲೈಬ್ರರಿ, ಕ್ಯಾಂಟೀನ್ ಸಿಕ್ಕಿತು. ನನಗೆ ಸಿಕ್ಕಿದ್ದು ವಿದ್ಯಾರ್ಥಿಗಳೇ ನಡೆಸುವ ದಿನಪತ್ರಿಕೆಯ ಜಾಹೀರಾತು ವಿಭಾಗ.

ನನ್ನ ಕೆಲಸ ಡಮ್ಮಿ ಹಾಕುವುದು, ಅಂದರೆ ಪುಟಗಳ ನಕ್ಷೆ ಮಾಡುವುದು. ಪತ್ರಿಕೆಯಲ್ಲಿ ಮೊದಲು ಕೂರುವುದು ಜಾಹೀರಾತು, ಸುದ್ದಿ ಅಲ್ಲ. ಮಧ್ಯಾಹ್ನ ಮೂರಕ್ಕೆ ಆ ದಿನದ ಆ್ಯಡ್‌ಗಳನ್ನೆಲ್ಲ ಲೆಕ್ಕ ಹಾಕಬೇಕು. ಜಾಸ್ತಿ ಬಂದಿದ್ದರೆ ಎಂಟು ಪುಟ, ಇಲ್ಲದಿದ್ದರೆ ನಾಲ್ಕು. ಪ್ರಿಂಟಿನಲ್ಲಿ ಒಂದು ದೊಡ್ಡ ಹಾಳೆ ಮಡಚಿದರೆ ನಾಲ್ಕು ಪುಟ ಆಗುತ್ತದೆ, ಅದಕ್ಕೇ ಐದು, ಆರು ಅನ್ನುವ ಮಾತೇ ಇಲ್ಲ. ಪ್ರತಿ ಪುಟದ ಕೆಳಗಿನಿಂದ ಆ್ಯಡ್ ಜೋಡಿಸಿ, ಉಳಿದ ಖಾಲಿ ಜಾಗದ ನಕ್ಷೆಯನ್ನು ಸುದ್ದಿಮನೆಗೆ ಕಳಿಸಬೇಕು. ಅವರು ರಾತ್ರಿ ಅದನ್ನು ತುಂಬುತ್ತಾರೆ. ಹನ್ನೆರಡಕ್ಕೆ ಪುಟಗಳು ಊರಿನ ಇನ್ನೊಂದು ಪತ್ರಿಕೆಯ ಪ್ರೆಸ್‌ಗೆ ಹೋಗುತ್ತವೆ. ತಡವಾದರೆ ಪ್ರೆಸ್‌ನವರು ದಂಡ ಹಾಕುತ್ತಾರೆ. ಬೆಳಿಗ್ಗೆ ಆರಕ್ಕೆ ಬಂಡಲ್‌ಗಳು ಹಾಸ್ಟೆಲ್, ಕ್ಲಾಸ್‌ರೂಮ್ ಕಟ್ಟಡಗಳ ಬಾಗಿಲಲ್ಲಿ ಇರುತ್ತಿದ್ದವು. ಓದುಗರಿಗೆ ಪುಕ್ಕಟೆ.

ಇಷ್ಟನ್ನೂ ನಡೆಸುವವರ ವಯಸ್ಸು 19, 20, 21. ಸಂಪಾದಕಿಗೆ ಬೆಳಿಗ್ಗೆ ಎಂಟಕ್ಕೆ ಕೆಮಿಸ್ಟ್ರಿ ಲ್ಯಾಬ್ ಬೇರೆ. ದೊಡ್ಡವರು ಅಂತ ಇದ್ದವರು ಒಬ್ಬರೇ ಅಡ್ವೈಸರ್, ಪತ್ರಿಕೆಗಳಲ್ಲಿ ದುಡಿದು ಬಂದ ಹಿರಿಯರು. ಅವರು ಪತ್ರಿಕೆ ಓದುತ್ತಿದ್ದದ್ದು ಅಚ್ಚಾದ ಮೇಲೆ. ಪ್ರತಿ ಬೆಳಿಗ್ಗೆ ಕೆಂಪು ಪೆನ್ನಿನಲ್ಲಿ ತಪ್ಪುಗಳನ್ನೆಲ್ಲ ಸುತ್ತಿ ಗೋಡೆಗೆ ಅಂಟಿಸುತ್ತಿದ್ದರು. ಇದೆಂಥ ಜವಾಬ್ದಾರಿ, ಮುಂಚೆಯೇ ನೋಡಬಾರದಾ ಅಂತ ನನಗೆ ಒಳಗೊಳಗೇ ಬೇಜಾರು.

ಒಂದು ಬುಧವಾರ ಮೂರನೇ ಪುಟದಲ್ಲಿ ಒಂದು ಬಾರ್‌ನ ಅರ್ಧ ಪುಟದ ಆ್ಯಡ್ ಕೂರಿಸಿ ಮನೆಗೆ ಹೋದೆ. ‘ಗುರುವಾರ ಒಂದು ಡಾಲರ್‌ಗೆ ಬಿಯರ್’. ರಾತ್ರಿ ಒಂಬತ್ತರ ಮೇಲೆ ಸುದ್ದಿ ಬಂತು. ಕುಡಿದು ಓಡಿಸಿದವನ ಕಾರು ಗುದ್ದಿ ನಮ್ಮ ಕ್ಯಾಂಪಸ್ಸಿನ ಹುಡುಗನೊಬ್ಬ ತೀರಿಕೊಂಡಿದ್ದ. ಮೊದಲ ಪುಟದಲ್ಲಿ ಶುರುವಾದ ಸುದ್ದಿ ಮುಂದುವರಿದದ್ದು ಮೂರನೇ ಪುಟಕ್ಕೆ. ಅಲ್ಲಿ ಹುಡುಗನ ಫೋಟೊ, ಅದರ ಕೆಳಗೇ ನನ್ನ ಬಿಯರ್ ಗ್ಲಾಸು.

11.40ಕ್ಕೆ ಸುದ್ದಿಮನೆಯ ಡೆಸ್ಕ್ ಹುಡುಗಿಯ ಫೋನ್. ಆ್ಯಡ್ ತೆಗೆದಿದ್ದೇವೆ, ಅಲ್ಲಿ ನಮ್ಮದೇ ‘ವರದಿಗಾರರು ಬೇಕು’ ಹಾಕಿದ್ದೇವೆ ಅಂದಳು. ನಾನು ರೇಗಿದೆ. ಅವರು ದುಡ್ಡು ಕೊಟ್ಟಿದ್ದಾರೆ, ಕಾಂಟ್ರಾಕ್ಟ್ ಇದೆ, ಹೇಳದೆ ಹೇಗೆ ತೆಗೆದಿರಿ? ಅವಳು ತಣ್ಣಗೆ, “ಅದಕ್ಕೇ ಈಗ ಹೇಳ್ತಿದೀನಿ” ಅಂದಳು.

ನಾನು ನೇರ ಅಡ್ವೈಸರ್‌ಗೆ ಫೋನ್ ಮಾಡಿದೆ. ನಿದ್ದೆಗಣ್ಣಲ್ಲೇ ಕೇಳಿಸಿಕೊಂಡರು.

“ಸಂಪಾದಕಿ ಏನಂತಾಳೆ?”

“ತೆಗೀಬೇಕು ಅಂತಾಳೆ.”

“ಮತ್ತೆ ನನ್ನನ್ಯಾಕಮ್ಮ ಎಬ್ಬಿಸಿದೆ?”

ಬೆಳಿಗ್ಗೆ ಪತ್ರಿಕೆ ಹಿಡಿದು ಬಾರ್‌ಗೆ ಹೋದೆ. ಮಾಲೀಕ ಮೂರನೇ ಪುಟ ನೋಡಿದ, ತುಂಬ ಹೊತ್ತು ಮಾತಾಡಲಿಲ್ಲ. ಮುಂದಿನ ವಾರ ಹಾಕಿ, ಸಾಕು ಅಂದ. ಅವತ್ತಿನಿಂದ ದಿನಾ ರಾತ್ರಿ ಒಂಬತ್ತೂವರೆಗೆ ಡೆಸ್ಕ್‌ಗೆ ನಾನೇ ಫೋನ್ ಮಾಡಿ ಯಾವ ಪುಟಕ್ಕೆ ಯಾವ ಸುದ್ದಿ ಹೋಗುತ್ತಿದೆ ಅಂತ ಕೇಳುತ್ತಿದ್ದೆ. ಸಾವು, ಅಪಘಾತ ಇದ್ದರೆ ಆ್ಯಡ್ ಬೇರೆ ಪುಟಕ್ಕೆ. ಇದು ಕೆಲಸದ ಪಾಠ, ಸಣ್ಣದು. ಅಡ್ವೈಸರ್ ಯಾಕೆ ಹಾಸಿಗೆಯಿಂದ ಏಳಲಿಲ್ಲ ಅನ್ನುವುದು ಅರ್ಥವಾಗಲು ಇನ್ನೂ ಸಮಯ ಹಿಡಿಯಿತು.

ಅಲ್ಲಿಯ ವಿದ್ಯಾರ್ಥಿ ಪತ್ರಿಕೆಗಳ ಇತಿಹಾಸ ಓದಿದರೆ ಎಲ್ಲ ಜಗಳವೂ ಕೊನೆಯ ಓಕೆ ಯಾರದ್ದು ಅನ್ನುವ ಇದೊಂದರ ಸುತ್ತಲೇ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿ ಕ್ಯಾಂಪಸ್ಸಿನ ಡೇಲಿ ಕ್ಯಾಲಿಫೋರ್ನಿಯನ್ ಶುರುವಾದದ್ದು 1871ರಲ್ಲಿ. ನೂರು ವರ್ಷದ ನಂತರ, 1971ರಲ್ಲಿ, ವಿದ್ಯಾರ್ಥಿಗಳಿಗೂ ವಿಶ್ವವಿದ್ಯಾಲಯಕ್ಕೂ ಜಗಳವಿದ್ದ ಪೀಪಲ್ಸ್ ಪಾರ್ಕ್ ಅನ್ನುವ ಜಾಗದ ಬಗ್ಗೆ ಬರೆದ ಸಂಪಾದಕೀಯದಿಂದ ಆಡಳಿತದ ಜೊತೆ ಕೆಟ್ಟು ಬೇರೆ ಮನೆ ಮಾಡಿತು. ಹೆಸರು ಮಾತ್ರ ವಿಶ್ವವಿದ್ಯಾಲಯದ್ದೇ, ಪತ್ರಿಕೆ ಅದನ್ನು ಲೈಸೆನ್ಸ್ ಮೇಲೆ ಬಳಸುತ್ತದೆ. ಸ್ಟ್ಯಾನ್‌ಫರ್ಡ್ ಡೇಲಿ 1973ರಲ್ಲಿ ಸ್ವತಂತ್ರವಾಯಿತು. 50 ವರ್ಷದ ಮೇಲೆ ಅದರ ಫಲ ಕಂಡಿತು. ವಿಶ್ವವಿದ್ಯಾಲಯದ ಅಧ್ಯಕ್ಷರ ಹಳೆಯ ಸಂಶೋಧನಾ ಲೇಖನಗಳಲ್ಲಿ ಚಿತ್ರಗಳನ್ನು ತಿರುಚಲಾಗಿದೆ ಅನ್ನುವ ಆರೋಪಗಳನ್ನು ಮೊದಲ ವರ್ಷದ ಹುಡುಗನೊಬ್ಬ ಬೆನ್ನುಹತ್ತಿ ಬರೆದ. ತನಿಖೆ ನಡೆದು 2023ರ ಜುಲೈನಲ್ಲಿ ಅಧ್ಯಕ್ಷರು ರಾಜೀನಾಮೆ ಪ್ರಕಟಿಸಿದರು. ಆ ಪ್ರೂಫ್ ಮೊದಲು ಅಧ್ಯಕ್ಷರ ಟೇಬಲ್‌ಗೆ ಹೋಗಿದ್ದರೆ?

ಸ್ವತಂತ್ರವಾದರೆ ಸಾಕಾ ಅಂದರೆ ಅದೂ ಇಲ್ಲ. ಜಾರ್ಜಿಯಾ ವಿಶ್ವವಿದ್ಯಾಲಯದ ಪತ್ರಿಕೆ ರೆಡ್ ಆ್ಯಂಡ್ ಬ್ಲ್ಯಾಕ್ 1980ರಿಂದ ಸ್ವತಂತ್ರ. 2012ರಲ್ಲಿ ಅದರ ಆಡಳಿತ ಮಂಡಳಿಯೇ ಕೊನೆಯ ಮಾತನ್ನು ವಿದ್ಯಾರ್ಥಿಗಳ ಕೈಯಿಂದ ನೌಕರನೊಬ್ಬನ ಕೈಗೆ ಕೊಡಲು ಹೊರಟಿತು. ಸಂಪಾದಕ ಬಳಗ ಎದ್ದು ಹೊರಗೆ ನಡೆಯಿತು. ಕೆಲವೇ ದಿನಗಳಲ್ಲಿ ಮಂಡಳಿ ಬಗ್ಗಿತು. ಇನ್ನು 1867ರಲ್ಲಿ ಹುಟ್ಟಿದ ಇಂಡಿಯಾನಾ ಡೇಲಿ ಸ್ಟೂಡೆಂಟ್ ಕತೆ ತೀರಾ ಈಚಿನದು. 2025ರ ಅಕ್ಟೋಬರ್‌ನಲ್ಲಿ, ಮುದ್ರಿತ ಸಂಚಿಕೆಯಲ್ಲಿ ಸುದ್ದಿಯೇ ಬೇಡ ಎಂದ ಆಡಳಿತದ ಮಾತನ್ನು ಒಪ್ಪದ ಅಡ್ವೈಸರ್ ಕೆಲಸ ಕಳೆದುಕೊಂಡರು, ಮುದ್ರಣವೂ ನಿಂತಿತು. ಆಗ ಎದುರಾಳಿ ವಿಶ್ವವಿದ್ಯಾಲಯ ಪರ್ಡ್ಯೂವಿನ ಹುಡುಗರು ತಮ್ಮ ಪತ್ರಿಕೆಯಿಂದ ವಿಶೇಷ ಸಂಚಿಕೆ ಅಚ್ಚು ಹಾಕಿಸಿ ಇಂಡಿಯಾನಾ ಕ್ಯಾಂಪಸ್ಸಿಗೇ ತಂದು ಹಂಚಿದರು. ಫುಟ್‌ಬಾಲ್‌ನಲ್ಲಿ ಮುಖ ನೋಡದ ಇಬ್ಬರು! ಗಲಾಟೆ ಜೋರಾದ ಮೇಲೆ ಮುದ್ರಣಕ್ಕೆ ಮತ್ತೆ ಒಪ್ಪಿಗೆ ಸಿಕ್ಕಿತು.

ಈಗ ನಾನು ಊರಿಗೆ ಬಂದು ಪಾಠ ಮಾಡುತ್ತೇನೆ. ಲ್ಯಾಬ್ ಜರ್ನಲ್ ನನ್ನ ಜವಾಬ್ದಾರಿ. ಮೊದಲ ಎರಡು ವರ್ಷ ನಾನೂ ಪ್ರೂಫ್ ತರಿಸಿಕೊಂಡೆ. ಅಭ್ಯಾಸ, ಹೆದರಿಕೆ ಎರಡೂ. ನಾನು ನೋಡುತ್ತೇನೆ ಅಂತ ಗೊತ್ತಾದಮೇಲೆ ಮಕ್ಕಳು ನೋಡುವುದನ್ನೇ ಬಿಟ್ಟರು. ಹೆಸರು ತಪ್ಪಿದರೂ ‘ಮೇಡಂ ತಿದ್ದುತ್ತಾರೆ’. ಮೂರನೇ ವರ್ಷ ನಿಲ್ಲಿಸಿದೆ. ಸಂಶಯ ಬಂದರೆ ಕೇಳಿ, ಹೇಳುತ್ತೇನೆ. ಓಕೆ ಮಾತ್ರ ನಿಮ್ಮದು ಅಂದೆ. ಮೊದಲ ಸಂಚಿಕೆಯಲ್ಲಿ ಹದಿನಾಲ್ಕು ತಪ್ಪು. ಕೆಂಪು ಪೆನ್ನಿನಲ್ಲಿ ಸುತ್ತಿ ನೋಟಿಸ್ ಬೋರ್ಡಿಗೆ ಹಾಕಿದೆ. ನಾಲ್ಕನೆಯದರಲ್ಲಿ ಮೂರು.

ಐದನೆಯದರಲ್ಲಿ ಲೇಡೀಸ್ ಹಾಸ್ಟೆಲ್‌ಗೆ ಹನ್ನೊಂದು ದಿನ ನೀರು ಬಾರದ ಸುದ್ದಿ, ಮೊದಲ ಪುಟದಲ್ಲೇ, ಖಾಲಿ ಸಿಂಟೆಕ್ಸ್ ಟ್ಯಾಂಕಿನ ಫೋಟೊ ಸಮೇತ. ವಾರ್ಡನ್ ಹೇಳಿಕೆಯೂ ಇತ್ತು, ಸರಿಯಾಗಿಯೇ ಬರೆದಿದ್ದರು. ಮಧ್ಯಾಹ್ನ ಪ್ರಿನ್ಸಿಪಾಲರ ಕೋಣೆಯಿಂದ ಕರೆ ಬಂತು. ಪತ್ರಿಕೆ ಮೇಜಿನ ಮೇಲಿತ್ತು.

“ಮೇಡಂ, ಪ್ರಿಂಟಿಗೆ ಮುಂಚೆ ನೀವು ನೋಡಿರಲಿಲ್ವಾ?”

“ಇಲ್ಲ ಸರ್,” ಅಂದೆ. “ನಾನೂ ಇವತ್ತೇ ಓದಿದ್ದು.”