ಗ್ರಾಫಿನ ಬಾಲದಲ್ಲಿ ಬಿಸಿ

ಅರ್ಧ ಗಂಟೆಯಿಂದ ಒಂದೇ ಗ್ರಾಫ್ ನೋಡುತ್ತಾ ಕೂತಿದ್ದೇನೆ. ಎರಡು ಭಾರವಾದ ನ್ಯೂಕ್ಲಿಯಸ್‌ಗಳು (ಪರಮಾಣುವಿನ ನಡುವಿನ ತಿರುಳು) ಡಿಕ್ಕಿ ಹೊಡೆದು ಒಂದಾದ ಮೇಲೆ ಹೊರಬಂದ ನ್ಯೂಟ್ರಾನ್‌ಗಳಲ್ಲಿ ಎಷ್ಟು ಶಕ್ತಿಯವು ಎಷ್ಟಿವೆ ಅನ್ನುವ ಲೆಕ್ಕ ಅದು. ಗೆರೆ ಸರ್ರನೆ ಏರುತ್ತದೆ, ಆಮೇಲೆ ಉದ್ದ ಬಾಲ ಬಿಟ್ಟುಕೊಂಡು ಇಳಿಯುತ್ತದೆ. ಆ ಬಾಲ ಎಷ್ಟು ಕಡಿದಾಗಿದೆ ಅನ್ನೋದರಲ್ಲೇ ನ್ಯೂಕ್ಲಿಯಸ್‌ನ ಬಿಸಿ ಗೊತ್ತಾಗುತ್ತದೆ. ಈ ಬಿಸಿಯನ್ನು ಎಂಇವಿ ಎಂಬ ಶಕ್ತಿಯ ಅಳತೆಯಲ್ಲಿ ಹೇಳುತ್ತಾರೆ; 1 ಎಂಇವಿ ಅಂದರೆ ಸುಮಾರು 1,160 ಕೋಟಿ ಕೆಲ್ವಿನ್. ಸೂರ್ಯನ ಒಡಲಲ್ಲಿ ಇರುವುದು ಬರೀ 1.5 ಕೋಟಿ!

ಬಿಸಿ ಹನಿ ಆವಿ ಬಿಟ್ಟು ತಣಿಯುವ ಹಾಗೆ ಈ ಒಂದಾದ ನ್ಯೂಕ್ಲಿಯಸ್ ಕಣ ಬಿಟ್ಟು ತಣಿಯುತ್ತದೆ. ಸಾಮಾನ್ಯವಾಗಿ ಜಾಸ್ತಿ ಹೊರಡುವುದು ನ್ಯೂಟ್ರಾನೇ. ಅದಕ್ಕೆ ವಿದ್ಯುದಂಶ ಇಲ್ಲವಲ್ಲ. ವಿದ್ಯುದಂಶ ಇರುವ ಪ್ರೋಟಾನ್, ಆಲ್ಫಾ (ಎರಡು ಪ್ರೋಟಾನ್, ಎರಡು ನ್ಯೂಟ್ರಾನ್ ಸೇರಿದ ಕಣ) ಪಾಪ, ಕೂಲಂಬ್ ತಡೆಗೋಡೆ ಅನ್ನುವ ವಿದ್ಯುತ್ ಅಡ್ಡಿ ದಾಟಬೇಕು. ನ್ಯೂಟ್ರಾನಿಗೂ ಪುಕ್ಕಟೆ ಏನಲ್ಲ, ಬಿಡಿಸಿಕೊಳ್ಳೋದಕ್ಕೇ ಸುಮಾರು 8 ಎಂಇವಿ ಖರ್ಚು.

1936ರಲ್ಲಿ ಭೌತವಿಜ್ಞಾನಿ ನೀಲ್ಸ್ ಬೋರ್ ಹೇಳಿದ್ದು ಇನ್ನೂ ಮಜವಾಗಿದೆ. ಇಂಥ ನ್ಯೂಕ್ಲಿಯಸ್ ತಾನು ಹೇಗೆ ಹುಟ್ಟಿದೆ ಅನ್ನೋದನ್ನೇ ಮರೆತುಬಿಡುತ್ತದಂತೆ! ಅದೂ ಕಣ್ಣು ಮಿಟುಕಿಸುವುದಕ್ಕಿಂತ ಎಷ್ಟೋ ಬೇಗ. ನನಗೋ, ಬೆಳಿಗ್ಗೆಯ ಜಗಳ ರಾತ್ರಿಯಾದರೂ ತಲೆಯಿಂದ ಹೋಗಲ್ಲ.

ಆದರೆ ಬಾಲದ ತುದಿಯಲ್ಲಿ ಒಂದಿಷ್ಟು ಚುಕ್ಕಿಗಳು ಗೆರೆಗಿಂತ ಮೇಲೆ ನಿಂತಿವೆ. ಬಿಸಿ ಎಲ್ಲೆಡೆ ಹಂಚಿಹೋಗುವ ಮೊದಲೇ ಹಾರಿದವು ಇರಬೇಕು. ಅವುಗಳಿಗೆ ಡಿಕ್ಕಿ ಇನ್ನೂ ನೆನಪಿದೆ ಅಲ್ವಾ?