ಹಾಕಿ ಸ್ಟಿಕ್ಕಿನ ರಿವ್ಯೂಗಳನ್ನು ಎಷ್ಟು ನಂಬಬಹುದು: ಬಳ್ಳಾರಿಯ ಗರಸು ಮೈದಾನದ ದಾಖಲೆ

ಜೂನ್ 8

ಬಳ್ಳಾರಿಯ ಒಂದು ಗರಸು ಮೈದಾನದಲ್ಲಿ ನಾನು ಪ್ರತಿ ಸಂಜೆ ಹದಿನೆಂಟು ಮಕ್ಕಳಿಗೆ ಹಾಕಿ ಹೇಳಿಕೊಡುತ್ತೇನೆ. ಕೊಡಗಿನಲ್ಲಿ ಒಳ್ಳೆಯ ಸ್ಟಿಕ್ ಯಾವುದೆಂದು ತಿಳಿಯಲು ಮನೆಯ ಹಿರಿಯರನ್ನು ಕೇಳಿದರೆ ಸಾಕು. ನಮ್ಮಲ್ಲಿ ಹಾಗೆ ಕೇಳಲು ಜನರಿಲ್ಲ, ಅಂಗಡಿಗಳಲ್ಲಿಯೂ ಕ್ರಿಕೆಟ್ ಬ್ಯಾಟುಗಳ ಸಾಲಿನ ಹಿಂದೆ ಎರಡೋ ಮೂರೋ ಸ್ಟಿಕ್‌ಗಳಿದ್ದರೆ ಅದೇ ಹೆಚ್ಚು. ಹಾಗಾಗಿ ಆನ್‌ಲೈನಿನಲ್ಲಿ ಕೊಳ್ಳುವುದು ಮತ್ತು ಕೊಳ್ಳುವ ಮುನ್ನ ಅಪರಿಚಿತ ಬಳಕೆದಾರರು ಬರೆದ ರಿವ್ಯೂಗಳನ್ನು ನಂಬುವುದು ನಮಗೆ ಅನಿವಾರ್ಯವಾಗಿದೆ.

ಕಳೆದ ವರ್ಷ ಹೀಗೆ ರಿವ್ಯೂ ಓದಿಯೇ ತರಿಸಿದ ನಾಲ್ಕು ಸ್ಟಿಕ್‌ಗಳಲ್ಲಿ ಎರಡು ಸ್ಟಿಕ್‌ಗಳು ಮೂರು ತಿಂಗಳೊಳಗೆ, ಚೆಂಡು ಹೊಡೆಯುವ ತಲೆಯ ಬಳಿ ಬಿರುಕು ಬಿಟ್ಟವು. ಈ ಮಕ್ಕಳ ತಂದೆತಾಯಂದಿರಲ್ಲಿ ಹಲವರು ಜೀನ್ಸ್ ಹೊಲಿಗೆ ಘಟಕಗಳಲ್ಲಿ ದುಡಿಯುವವರು, ಪ್ಯಾಂಟಿನ ಲೆಕ್ಕದಲ್ಲಿ ಕೂಲಿ ಎಣಿಸುವವರು. ಎರಡು ಸಾವಿರ ರೂಪಾಯಿಯ ಸ್ಟಿಕ್ ಬಿರುಕು ಬಿಟ್ಟಾಗ ಅದರ ನೋವು ಯಾರಿಗೆ ತಗಲುತ್ತದೆಂದು ನಾನು ಕಣ್ಣಾರೆ ಕಂಡಿದ್ದೇನೆ. ಆದ್ದರಿಂದ ಈ ಹಂಗಾಮಿನಲ್ಲಿ ಒಂದು ಕೆಲಸ ಕೈಗೆತ್ತಿಕೊಂಡಿದ್ದೇನೆ: ಕೊಳ್ಳುವ ಮುನ್ನ ಪ್ರತಿ ಸಾಮಾನಿನ ರಿವ್ಯೂಗಳನ್ನು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಳ್ಳುವುದು, ಸಾಮಾನು ಬಂದ ದಿನ ಅಳೆದು ತೂಗುವುದು, ತಿಂಗಳು ತಿಂಗಳಿಗೂ ಮೈದಾನದಲ್ಲಿ ಕಂಡದ್ದನ್ನು ಆ ಬರಹಗಳ ಪಕ್ಕದಲ್ಲಿಟ್ಟು ನೋಡುವುದು.

ಜೂನ್ 15

ಆರು ಮಾದರಿಯ ಸ್ಟಿಕ್‌ಗಳಿಗೆ ಸಂಬಂಧಿಸಿದ 140 ರಿವ್ಯೂಗಳನ್ನು ಬರೆದುಕೊಂಡೆ. ಸುಳ್ಳು ರಿವ್ಯೂಗಳನ್ನು ಬೇರ್ಪಡಿಸುವುದೇ ಮುಖ್ಯ ಕೆಲಸವಾಗುತ್ತದೆಂದು ಭಾವಿಸಿದ್ದೆ, ಆದರೆ ಎದುರಾದ ತೊಂದರೆ ಬೇರೆಯದು. ಇವುಗಳಲ್ಲಿ ಹೆಚ್ಚಿನವನ್ನು ಬರೆದವರು ಪ್ರಾಮಾಣಿಕರೇ ಆಗಿರಬೇಕು, ಏಕೆಂದರೆ ಅವರು ತಾವು ಕಂಡದ್ದನ್ನೇ ಬರೆದಿದ್ದಾರೆ. ಆದರೆ ಅವರು ಕಂಡದ್ದು ಡಬ್ಬಿಯನ್ನು, ಬಣ್ಣವನ್ನು ಮತ್ತು ಸಾಮಾನು ಎಷ್ಟು ದಿನದಲ್ಲಿ ತಲುಪಿತೆಂಬುದನ್ನು ಮಾತ್ರ. ‘ಎರಡೇ ದಿನದಲ್ಲಿ ಬಂತು, ಐದು ಸ್ಟಾರ್’ ಎಂಬ ಮಾತು ನಿಜವೇ ಆಗಿದ್ದರೂ ಆ ಸ್ಟಿಕ್ ಚೆಂಡಿನ ಹೊಡೆತವನ್ನು ಎಷ್ಟು ತಿಂಗಳು ತಾಳುತ್ತದೆ ಎಂಬುದಕ್ಕೆ ಅದು ಸಾಕ್ಷಿಯಲ್ಲ. ಎಷ್ಟು ಕಾಲ ಆಡಿದ್ದೇವೆ, ಯಾವ ನೆಲದ ಮೇಲೆ ಆಡಿದ್ದೇವೆ ಎಂಬುದನ್ನು ಹೇಳಿದವು 140ರಲ್ಲಿ ಕೇವಲ 11.

ಇನ್ನೊಂದು ತೊಡಕೂ ಇದೆ. ಒಂದೇ ಪುಟದಡಿ 30 ಇಂಚಿನ ಮಕ್ಕಳ ಮರದ ಸ್ಟಿಕ್ಕಿಗೂ ನಾರು ಮತ್ತು ಅಂಟು ಸೇರಿಸಿ ಮಾಡಿದ 37 ಇಂಚಿನ ಕಾಂಪೊಸಿಟ್ ಸ್ಟಿಕ್ಕಿಗೂ ಬಂದ ರಿವ್ಯೂಗಳನ್ನು ಒಟ್ಟಿಗೆ ಸೇರಿಸಿಡುತ್ತಾರೆ. ‘ತುಂಬಾ ಹಗುರವಾಗಿದೆ’ ಎಂದು ಯಾರೋ ಹೊಗಳಿದ್ದು ಯಾವುದನ್ನು? ಸರಾಸರಿ ಸ್ಟಾರ್‌ಗಳನ್ನು ನೋಡಿ ಕೊಳ್ಳುವವರು ಎರಡು ಬೇರೆ ಬೇರೆ ವಸ್ತುಗಳ ಅಂಕಗಳನ್ನು ಕೂಡಿಸಿ ಭಾಗಿಸಿದ ಸಂಖ್ಯೆಯನ್ನು ನಂಬುತ್ತಿದ್ದಾರೆ ಎಂಬುದು ನನಗೆ ಇಂದು ಮೊದಲ ಬಾರಿಗೆ ಮನವರಿಕೆಯಾಯಿತು.

ಜೂನ್ 29

ಐದು ಸ್ಟಿಕ್‌ಗಳು ಬಂದಿವೆ. ಅಂತಾರಾಷ್ಟ್ರೀಯ ಹಾಕಿ ಫೆಡರೇಶನ್ನಿನ ನಿಯಮದಂತೆ ಸ್ಟಿಕ್ಕಿನ ತೂಕ 737 ಗ್ರಾಂ ಮತ್ತು ಉದ್ದ 105 ಸೆಂಟಿಮೀಟರ್ ಮೀರಬಾರದು, 51 ಮಿಲಿಮೀಟರ್ ಒಳವ್ಯಾಸದ ಬಳೆಯೊಳಗೆ ಅದು ತೂರಿ ಹೋಗಬೇಕು, ಅದರ ಬಾಗು, ಅಂದರೆ ಆಟಗಾರರು ಬೋ ಎನ್ನುವುದು, 25 ಮಿಲಿಮೀಟರ್ ದಾಟಬಾರದು. ಲೇತ್ ಅಂಗಡಿಯೊಂದರಲ್ಲಿ 51 ಮಿಲಿಮೀಟರಿನ ಕಬ್ಬಿಣದ ಬಳೆ ಮಾಡಿಸಿಕೊಂಡೆ, ತೂಕಕ್ಕೆ ಪರಿಚಯದ ಕಿರಾಣಿ ಅಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿಯನ್ನು ಬಳಸಿದೆ. ಬೋ ನೋಡಲು ಸ್ಟಿಕ್ಕಿನ ಚಪ್ಪಟೆ ಮುಖವನ್ನು ಕೆಳಗೆ ಮಾಡಿ ಕಡಪ ಕಲ್ಲಿನ ಕಟ್ಟೆಯ ಮೇಲಿಟ್ಟು ನಡುವಿನ ಸಂದನ್ನು ಅಳೆದೆವು.

ನಿಯಮದ ಮಿತಿಯನ್ನು ಯಾವುದೂ ಮೀರಿರಲಿಲ್ಲ. ಆದರೆ 530 ಗ್ರಾಂ ಎಂದು ಬರೆದಿದ್ದ ಸ್ಟಿಕ್ 571 ಗ್ರಾಂ ತೂಗಿತು. ದೊಡ್ಡವರ ಕೈಗೆ 40 ಗ್ರಾಂ ಗೊತ್ತಾಗದಿದ್ದರೂ ಹನ್ನೆರಡು ವರ್ಷದ ಮಗುವಿನ ಮಣಿಕಟ್ಟಿಗೆ ಅರ್ಧ ಗಂಟೆಯ ಡ್ರಿಬ್ಲಿಂಗ್ ನಂತರ ಅದು ಚೆನ್ನಾಗಿಯೇ ಗೊತ್ತಾಗುತ್ತದೆ. ಆ ಸ್ಟಿಕ್ಕಿನ ರಿವ್ಯೂಗಳಲ್ಲಿ ತೂಕವನ್ನು ಹೊಗಳಿದವರು ಒಂಬತ್ತು ಮಂದಿ ಇದ್ದರು, ತಕ್ಕಡಿಗೆ ಹಾಕಿ ನೋಡಿದ್ದಾಗಿ ಹೇಳಿದವರು ಒಬ್ಬರೂ ಇರಲಿಲ್ಲ. ಮಾರುವವರು ಬರೆದ ಸಂಖ್ಯೆಯನ್ನೇ ಕೊಂಡವರು ತಿರುಗಿ ಹೇಳಿದ್ದಾರೆ.

ಅದೇ ಸಂಜೆ ನಾನೂ ಒಂದು ರಿವ್ಯೂ ಬರೆದೆ. ಮರದ ಸ್ಟಿಕ್ಕೊಂದರ ಗ್ರಿಪ್ ಕೈಗೆ ಚೆನ್ನಾಗಿ ಕೂತಿದ್ದರಿಂದ ಐದು ಸ್ಟಾರ್ ಕೊಟ್ಟೆ.

ಜುಲೈ 20

ಶಿನ್ ಗಾರ್ಡ್‌ಗಳ ಡಬ್ಬಿಯೊಳಗೆ ಒಂದು ಚೀಟಿ ಸಿಕ್ಕಿತು. ಐದು ಸ್ಟಾರ್ ಕೊಟ್ಟು ಅದರ ಚಿತ್ರವನ್ನು ವಾಟ್ಸ್ಆ್ಯಪ್‌ನಲ್ಲಿ ಕಳುಹಿಸಿದರೆ ನೂರು ರೂಪಾಯಿ ಮರಳಿಸುವುದಾಗಿ ಅದರಲ್ಲಿ ಬರೆದಿತ್ತು. ಆ ಪುಟಕ್ಕೆ ಹಿಂದಿರುಗಿ ನೋಡಿದೆ: ಒಂದೇ ವಾರದಲ್ಲಿ ಬಂದ, ಬಹುತೇಕ ಒಂದೇ ಮಾತಿನ ರಿವ್ಯೂಗಳು ಸಾಲಾಗಿದ್ದವು, ಅವುಗಳಲ್ಲಿ ಹಲವಕ್ಕೆ ‘ಖರೀದಿಸಿದವರೇ ಬರೆದದ್ದು’ ಎಂಬ ಗುರುತೂ ಇತ್ತು. ಆ ಗುರುತು ಸುಳ್ಳಲ್ಲ, ಏಕೆಂದರೆ ಅವರು ನಿಜವಾಗಿಯೂ ಕೊಂಡವರೇ. ಹಣ ಕೊಟ್ಟು ಕೊಂಡರೆಂಬುದನ್ನು ಅದು ಹೇಳುತ್ತದೆ, ಹಣ ಪಡೆದು ಬರೆದರೆಂಬುದನ್ನು ಹೇಳುವುದಿಲ್ಲ.

2022ರ ನವೆಂಬರಿನಲ್ಲಿ ಕೇಂದ್ರ ಸರ್ಕಾರದ ಗ್ರಾಹಕ ವ್ಯವಹಾರಗಳ ಇಲಾಖೆಯು ಆನ್‌ಲೈನ್ ರಿವ್ಯೂಗಳ ಬಗ್ಗೆ ಐಎಸ್ 19000:2022 ಎಂಬ ಮಾನದಂಡವನ್ನು ಹೊರತಂದಿತು. ರಿವ್ಯೂಗಳನ್ನು ಹೇಗೆ ಸಂಗ್ರಹಿಸಬೇಕು, ಪರಿಶೀಲಿಸಬೇಕು, ಪ್ರಕಟಿಸಬೇಕು ಎಂಬುದನ್ನು ಅದು ವಿವರಿಸುತ್ತದೆ. ಆದರೆ ಅದು ಕಡ್ಡಾಯವಾಗಿ ಬಂದದ್ದಲ್ಲ, ಸ್ವಇಚ್ಛೆಯಿಂದ ಪಾಲಿಸಲೆಂದು ಬಂದದ್ದು. ಮಕ್ಕಳ ಮೊಳಕಾಲಿನ ಕೆಳಗಿನ ಮೂಳೆಯನ್ನು ಕಾಯಬೇಕಾದ ವಸ್ತುವಿನ ವಿಷಯದಲ್ಲಿ ಇದು ಸ್ವಇಚ್ಛೆಗೆ ಬಿಡುವಂಥದ್ದಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ. ಆ ಶಿನ್ ಗಾರ್ಡ್‌ಗಳನ್ನು ಹಿಂದಿರುಗಿಸಿದೆ.

ಆಗಸ್ಟ್ 10

ಆರು ವಾರಗಳ ಆಟ ಮುಗಿದಿದೆ. ರಿವ್ಯೂಗಳಲ್ಲಿ ಅತಿ ಹೆಚ್ಚು ಹೊಗಳಿಕೆ ಪಡೆದ, ಕಾರ್ಬನ್ ಪ್ರಮಾಣ ಹೆಚ್ಚಿರುವ ಸ್ಟಿಕ್ಕನ್ನು ಮಕ್ಕಳು ಈಗ ಮುಟ್ಟುವುದೇ ಇಲ್ಲ. ಇದರಲ್ಲಿ ಸ್ಟಿಕ್ಕಿನ ತಪ್ಪೇನೂ ಇಲ್ಲ. ಕಾರ್ಬನ್ ಹೆಚ್ಚಾದಷ್ಟೂ ಸ್ಟಿಕ್ ಬಿಗಿಯಾಗುತ್ತದೆ, ಹೊಡೆತಕ್ಕೆ ಬಲ ಬರುತ್ತದೆ, ಆದರೆ ಬರುವ ಚೆಂಡನ್ನು ಟ್ರ್ಯಾಪ್ ಮಾಡುವಾಗ, ಅಂದರೆ ತಡೆದು ನಿಲ್ಲಿಸುವಾಗ, ಅದು ಪುಟಿದು ದೂರ ಹೋಗುತ್ತದೆ ಮತ್ತು ಅಂಗೈ ಜುಮ್ಮೆನ್ನುತ್ತದೆ. ಕಲಿಯುವ ಮಕ್ಕಳಿಗೆ ಫೈಬರ್‌ಗ್ಲಾಸ್ ಹೆಚ್ಚಿರುವ ಸ್ಟಿಕ್ಕೋ ಹಿಪ್ಪುನೇರಳೆ ಮರದ ಸ್ಟಿಕ್ಕೋ ಹೆಚ್ಚು ಹೊಂದುತ್ತದೆ. ಆ ಕಾರ್ಬನ್ ಸ್ಟಿಕ್ಕಿನ ಬೋ ತಲೆಗೆ ಹತ್ತಿರವಾಗಿರುವುದರಿಂದ ಡ್ರ್ಯಾಗ್ ಫ್ಲಿಕ್ಕಿಗೆ, ಅಂದರೆ ಚೆಂಡನ್ನು ಎಳೆದು ಚಿಮ್ಮಿಸುವುದಕ್ಕೆ, ಒಳ್ಳೆಯದೆಂದು ರಿವ್ಯೂಗಳಲ್ಲಿ ಬರೆದಿದ್ದರು. ಆ ಮಾತು ಸರಿ, ಆದರೆ ಹಿಟ್ ಹೊಡೆದಾಗ ಚೆಂಡು ನೆಲ ಬಿಟ್ಟು ಏಳುವುದಕ್ಕೂ ಅದೇ ಬೋ ಕಾರಣ, ಮತ್ತು ಮಕ್ಕಳ ಆಟದಲ್ಲಿ ಎದ್ದ ಚೆಂಡು ಅಪಾಯಕಾರಿ. ಬರೆದವರು ಅನುಭವಸ್ಥ ಆಟಗಾರರು, ಪ್ರಾಮಾಣಿಕವಾಗಿಯೇ ಬರೆದಿದ್ದಾರೆ, ಆದರೆ ತಾವು ಯಾರೆಂದು ಹೇಳದೆ ಬರೆದಿದ್ದಾರೆ.

ನೆಲದ ಮಾತೂ ಹಾಗೆಯೇ. 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ಹಾಕಿ ಮೊದಲ ಬಾರಿಗೆ ಕೃತಕ ಹಾಸಿನ ಮೇಲೆ ನಡೆದ ನಂತರ ದೊಡ್ಡ ಪಂದ್ಯಗಳೆಲ್ಲ ಟರ್ಫಿಗೆ ಹೋದವು, ಸಾಮಾನುಗಳ ವಿನ್ಯಾಸವೂ ಅದರ ಹಿಂದೆ ಹೋಯಿತು. ಮೈಯೆಲ್ಲ ಸಣ್ಣ ಗುಳಿಗಳಿರುವ ಚೆಂಡು ನೀರು ಹಾಯಿಸಿದ ಟರ್ಫಿನ ಮೇಲೆ ನೀರಿನ ಪದರದಲ್ಲಿ ಜಾರಿ ದಿಕ್ಕು ತಪ್ಪದಂತೆ ಮಾಡಿದ್ದು. ‘ನೇರವಾಗಿ ಓಡುತ್ತದೆ’ ಎಂಬ ರಿವ್ಯೂ ನಂಬಿ ತಂದ ಅಂಥ ಆರು ಚೆಂಡುಗಳ ಗುಳಿಗಳಲ್ಲಿ ಈಗ ನಮ್ಮ ಕೆಂಪು ಧೂಳು ಗಟ್ಟಿಯಾಗಿ ಕೂತಿದೆ. ನುಣುಪಾದ ಅಗ್ಗದ ಚೆಂಡುಗಳೇ ಇಲ್ಲಿ ವಾಸಿ. ಕಾಂಪೊಸಿಟ್ ಸ್ಟಿಕ್‌ಗಳ ತಲೆಯ ಅಂಚೂ ಗರಸಿನ ಉಜ್ಜಿಗೆ ಸವೆಯತೊಡಗಿದ್ದು, ಒಂದರಲ್ಲಿ ಬಣ್ಣ ಹೋಗಿ ಒಳಗಿನ ನಾರು ಕಾಣುತ್ತಿದೆ. ಟರ್ಫಿನಲ್ಲಿ ಆಡಿದವರಿಗೆ ಇದು ಕಾಣದಿದ್ದುದರಲ್ಲಿ ಆಶ್ಚರ್ಯವಿಲ್ಲ.

ಆಗಸ್ಟ್ 29

ಧ್ಯಾನ್‌ಚಂದ್ ಅವರ ಹುಟ್ಟುಹಬ್ಬ, ರಾಷ್ಟ್ರೀಯ ಕ್ರೀಡಾ ದಿನ. ಮಕ್ಕಳನ್ನು ಎರಡು ತಂಡ ಮಾಡಿ ಪಂದ್ಯ ಆಡಿಸಿದೆವು. ನಾನು ಐದು ಸ್ಟಾರ್ ಕೊಟ್ಟಿದ್ದ ಸ್ಟಿಕ್ಕಿನ ಗ್ರಿಪ್ ಬೆವರು ಮತ್ತು ಧೂಳಿಗೆ ಅಂಟು ಬಿಟ್ಟು ಪಂದ್ಯದ ನಡುವೆಯೇ ಸುರುಳಿಯಾಗಿ ಬಿಚ್ಚಿಕೊಂಡಿತು. ಎರಡು ತಿಂಗಳ ಹಿಂದೆ ನಾನು ಬರೆದದ್ದೂ ಮೊದಲ ದಿನದ ರಿವ್ಯೂ ಆಗಿತ್ತು, ಅದನ್ನು ನಂಬಿ ಈ ನಡುವೆ ಯಾರಾದರೂ ಕೊಂಡಿರಬಹುದು ಎಂಬುದು ನನ್ನನ್ನು ನಿಜಕ್ಕೂ ಕಾಡುತ್ತಿದೆ. ರಾತ್ರಿಯೇ ಅದನ್ನು ತಿದ್ದಿ, ಮೂರು ಸ್ಟಾರ್‌ಗೆ ಇಳಿಸಿ, ಮರ ಮಾತ್ರ ಇನ್ನೂ ಗಟ್ಟಿಯಾಗಿದೆ ಎಂಬುದನ್ನೂ ಸೇರಿಸಿ, ತಾರೀಕು ಹಾಕಿ ಬರೆದೆ.

ಸೆಪ್ಟೆಂಬರ್ 21

ಮಳೆಯಿಂದ ಒಂದು ವಾರ ಆಟ ನಿಂತಿತ್ತು. ಈ ಬಿಡುವಿನಲ್ಲಿ ಗೋಲ್‌ಕೀಪರ್ ಸಾಮಾನುಗಳ ಲೆಕ್ಕ ನೋಡಿದೆ, ಇಡೀ ದಾಖಲೆಯಲ್ಲಿ ನನ್ನನ್ನು ಹೆಚ್ಚು ಚಿಂತೆಗೆ ಹಚ್ಚಿದ್ದು ಇದೇ ಭಾಗ. ಹಾಕಿ ಚೆಂಡಿನ ತೂಕ 156ರಿಂದ 163 ಗ್ರಾಂ, ಮತ್ತು ಅದು ಕಲ್ಲಿನಷ್ಟು ಗಟ್ಟಿ. ಅದರೆದುರು ನಿಲ್ಲುವವರ ಕಾಲಿನ ಪ್ಯಾಡ್ ಮತ್ತು ಪಾದಕ್ಕೆ ತೊಡುವ ಕಿಕ್ಕರ್‌ಗಳ ಬಗ್ಗೆಯೇ ರಿವ್ಯೂಗಳು ಅತಿ ಕಡಿಮೆ. ಸ್ಟಿಕ್ಕಿಗೆ ನೂರಾರು ರಿವ್ಯೂ ಸಿಕ್ಕರೆ ಪ್ಯಾಡಿಗೆ ಸಿಕ್ಕಿದ್ದು ಏಳು, ಅವುಗಳಲ್ಲಿ ನಾಲ್ಕು ಒಂದೇ ಸಾಲಿನವು. ತಂಡಕ್ಕೆ ಒಬ್ಬರೇ ಗೋಲ್‌ಕೀಪರ್ ಆದ್ದರಿಂದ ಕೊಳ್ಳುವವರೇ ಕಡಿಮೆ. ಅದಲ್ಲದೆ ಶಾಲೆಗಳಿಗೆ ಒಟ್ಟಾಗಿ ಕೊಳ್ಳುವವರು ಸಾಮಾನ್ಯವಾಗಿ ತಾವೇ ಆಡುವವರಲ್ಲ. ಹೀಗಾಗಿ ತಪ್ಪಿದರೆ ಗಾಯವಾಗುವ ವಸ್ತುವಿನ ವಿಷಯದಲ್ಲಿಯೇ ನಮಗೆ ತಿಳಿಯುವುದು ಅತ್ಯಲ್ಪ.

ಆ ಏಳರಲ್ಲಿ ಎರಡು ಸ್ಟಾರಿನ ಒಂದು ರಿವ್ಯೂ ಇತ್ತು: ‘ನಾಲ್ಕನೆಯ ತಿಂಗಳಿಗೆ ಎಡಗಾಲಿನ ಒಳಬದಿಯ ಫೋಮ್ ಚಪ್ಪಟೆಯಾಯಿತು, ಹಿಂಬದಿಯ ಪಟ್ಟಿ ಕಿತ್ತಿತು.’ ಸಿಟ್ಟಿನಲ್ಲಿ ಬರೆದದ್ದೆಂದು ಜೂನ್‌ನಲ್ಲಿ ನಾನು ಅದನ್ನು ಬದಿಗಿಟ್ಟಿದ್ದೆ. ಮೂರೇ ತಿಂಗಳಿಗೆ ನಮ್ಮ ಗೋಲ್‌ಕೀಪರ್ ಹುಡುಗಿ ಬಂದು, ‘ಸರ್, ಒಳಗಿನ ಸ್ಪಂಜು ತೆಳ್ಳಗಾಗೈತ್ರಿ, ಚೆಂಡು ಬಡಿದ್ರೆ ಕಾಲಿಗೇ ತಾಗ್ತೈತಿ’ ಎಂದಳು. ನೋಡಿದರೆ ಅದೇ ಎಡಗಾಲು, ಅದೇ ಒಳಬದಿ. ಹೆಬ್ಬೆರಳಿನಿಂದ ಒತ್ತಿದ ಗುಳಿ ಮೇಲಕ್ಕೆ ಏಳಲೇ ಇಲ್ಲ. ಜೀನ್ಸ್ ಹೊಲಿಯುವ ಅವಳ ತಂದೆ ದಪ್ಪ ಬಟ್ಟೆಯ ಮಷಿನ್ನಿನಲ್ಲಿ ಪಟ್ಟಿಗಳನ್ನು ಮೊದಲಿಗಿಂತ ಗಟ್ಟಿಯಾಗಿ ಹೊಲಿದುಕೊಟ್ಟರು, ಆದರೆ ಫೋಮಿಗೆ ಅವರ ಬಳಿಯೂ ಉಪಾಯವಿರಲಿಲ್ಲ. ಹೊಸ ಪ್ಯಾಡ್ ಬರುವವರೆಗೆ ಗೋಲಿನ ಮೇಲೆ ಹಿಟ್ ಹೊಡೆಯುವುದನ್ನು ನಿಲ್ಲಿಸಿ, ಸ್ಟಿಕ್ ಬೀಸದೆ ಚೆಂಡನ್ನು ತಳ್ಳುವ ಪುಷ್ ಮಾತ್ರ ಆಡಿಸುತ್ತಿದ್ದೇನೆ.

ಯಾವ ತಿಂಗಳು, ಯಾವ ಕಾಲು, ಯಾವ ಬದಿ ಎಂದು ಹೇಳುವ ದೂರನ್ನು ಇನ್ನು ಮುಂದೆ ಸಿಟ್ಟಿನ ಮಾತೆಂದು ಬದಿಗಿಡುವುದಿಲ್ಲ. ಹೊಗಳಿಕೆಯಲ್ಲಿ ಅಷ್ಟು ವಿವರ ನನಗೆ ಒಮ್ಮೆಯೂ ಸಿಕ್ಕಿಲ್ಲ.

ಅಕ್ಟೋಬರ್ 19

ಹಿರಿಯ ಮಕ್ಕಳು ಮತ್ತು ನಾನು ಸೇರಿ ನಮ್ಮದೇ ರಿವ್ಯೂಗಳನ್ನು ಬರೆದು ಮುಗಿಸಿದೆವು. ಪ್ರತಿಯೊಂದರ ಆರಂಭದಲ್ಲಿ ಆಡುವವರ ವಯಸ್ಸು, ನೆಲ ಗರಸು ಎಂಬ ಮಾತು, ಎಷ್ಟು ವಾರ ಬಳಸಿದೆವು, ತಕ್ಕಡಿಯ ತೂಕ ಮತ್ತು ಸ್ಟಿಕ್ಕಿನ ಅಳತೆ ಇರುತ್ತದೆ. ಆಮೇಲೆ ಎಲ್ಲಿ ಸವೆಯಿತು, ಎಲ್ಲಿ ಸವೆಯಲಿಲ್ಲ ಎಂಬುದು. ಮಕ್ಕಳಿಗೆ ಮೊದಲು ಇದು ಶಾಲೆಯ ಬರವಣಿಗೆಯಂತೆ ಬೇಸರವಾಗಿತ್ತು, ಆದರೆ ಬಳೆ ಮತ್ತು ತಕ್ಕಡಿ ಕೈಗೆ ಬಂದ ಮೇಲೆ ತಾವೇ ಮುಂದಾದರು. ಮರದ ಸ್ಟಿಕ್ಕಿನ ಪುಟದಲ್ಲಿ, ಇಲ್ಲಿಯ ಒಣ ಬಿಸಿಲಿಗೆ ಬಿರುಕು ಬಿಡದಂತೆ ತಿಂಗಳಿಗೊಮ್ಮೆ ಅಗಸೆ ಎಣ್ಣೆ ಸವರುತ್ತಿದ್ದೇವೆ ಎಂಬುದನ್ನು ಅವರೇ ನೆನಪಿಸಿ ಸೇರಿಸಿದರು. ಎಣ್ಣೆ ಸವರದವರಿಗೆ ಅದು ಬೇಗ ಬಿರುಕು ಬಿಟ್ಟರೆ ನಮ್ಮ ಹೊಗಳಿಕೆ ಅವರನ್ನು ದಾರಿ ತಪ್ಪಿಸಿದಂತಾಗುತ್ತಿತ್ತು.

ಹತ್ತರಲ್ಲಿ ಒಂಬತ್ತು ಪ್ರಕಟವಾದವು. ಪ್ಯಾಡಿನ ಬಗ್ಗೆ ಬರೆದದ್ದು ಮಾತ್ರ ಕಾರಣವಿಲ್ಲದೆ ಹಿಂದಿರುಗಿತು. ಚಪ್ಪಟೆಯಾದ ಫೋಮಿನ ಚಿತ್ರದೊಂದಿಗೆ ಅದನ್ನು ಎರಡನೆಯ ಬಾರಿ ಕಳುಹಿಸಿದ್ದೇನೆ.

ಇಂದು ಬೆಳಿಗ್ಗೆ ಮರದ ಸ್ಟಿಕ್ಕಿನ ಪುಟದಲ್ಲಿ ಯಾರೋ ಒಂದು ಪ್ರಶ್ನೆ ಕೇಳಿದ್ದಾರೆ: ತಮ್ಮ ಹನ್ನೊಂದು ವರ್ಷದ ಮಗನಿಗೆ 34 ಇಂಚು ಸರಿಹೋಗುವುದೇ ಎಂದು. ಸಂಜೆ ನಮ್ಮಲ್ಲಿ ಆ ಸ್ಟಿಕ್ ಹಿಡಿಯುವ ಹುಡುಗನನ್ನು ಗೋಡೆಗೆ ನಿಲ್ಲಿಸಿ ಎತ್ತರ ಅಳೆದೆ, ಸ್ಟಿಕ್ಕಿನ ತುದಿ ಅವನ ಸೊಂಟದ ಮೂಳೆಯವರೆಗೆ ಬರುತ್ತದೆಯೇ ಎಂದು ನೋಡಿದೆ, ಎರಡನ್ನೂ ಬರೆದು ಉತ್ತರ ಕಳುಹಿಸಿದೆ.