ಕರೆಂಟ್ ಹೋದಾಗ ಮುಳ್ಳು ಎಲ್ಲಿ ನಿಲ್ಲಬೇಕು?

ಸಿಂಗಪುರದ ಚಾಂಗಿ ವಿಮಾನ ನಿಲ್ದಾಣದ ಎರಡನೇ ಟರ್ಮಿನಲ್‌ನಲ್ಲಿ 504 ಗಡಿಯಾರಗಳ ಒಂದು ಕಲಾಕೃತಿ ಇದೆ. ಮುಳ್ಳುಗಳು ಅಲೆಯಂತೆ ಹೊರಳುತ್ತ, ನಡುನಡುವೆ ಒಟ್ಟಾಗಿ ಸಮಯ ತೋರುವ ಅಂಕಿಗಳಾಗುತ್ತವೆ. ಅದರದೇ ಚಿಕ್ಕ ರೂಪಕ್ಕೆ 24 ಗಡಿಯಾರ ಸಾಕು: ಗಂಟೆ-ನಿಮಿಷದ ನಾಲ್ಕು ಅಂಕಿ, ಒಂದೊಂದಕ್ಕೆ ಆರು, ಒಟ್ಟು 48 ಮುಳ್ಳು, ಸಣ್ಣ ಸಣ್ಣ ಹೆಜ್ಜೆಯಲ್ಲಿ (ಸ್ಟೆಪ್) ತಿರುಗುವ 48 ಸ್ಟೆಪ್ಪರ್ ಮೋಟಾರು. ಬಳ್ಳಾರಿಯ ಬಸ್ ನಿಲ್ದಾಣದಲ್ಲೂ ಇಂಥದ್ದು ನಿಲ್ಲಬಹುದು. ಆದರೆ ನಮ್ಮ ಬಿಸಿಲು, ದೂಳಿಗೆ ತಕ್ಕಂತೆ ಕಟ್ಟಬೇಕು.

ಮೊದಲು ಅಂಕಿ. ಕನ್ನಡದ ೦, ೧ ಆರು ಗಡಿಯಾರದಲ್ಲಿ ಹೇಗೋ ಮೂಡುತ್ತವೆ. ೨, ೩, ೬ರ ಬಾಲ, ಸುರುಳಿಗೆ ನೇರ ಮುಳ್ಳು ಸಾಲದು. ಅಂಕಿಗೆ ಹನ್ನೆರಡು ಗಡಿಯಾರ ಕೊಟ್ಟರೆ ಓದಲು ಬಂದೀತು, ಮೋಟಾರು 96 ಆಗುತ್ತದೆ. ಹಣವಿದ್ದರೆ ಖಂಡಿತ ಅದನ್ನೇ ಮಾಡಬೇಕು.

ಮುಳ್ಳಿಗೆ 1 ಮಿ.ಮೀ. ಅಲ್ಯೂಮಿನಿಯಂ ತಗಡು ಸಾಕು. ಕತ್ತರಿಸಿದ ಮೇಲೆ ಮೊಳೆಗೆ ಸಿಕ್ಕಿಸಿ ನೋಡಿ: ಯಾವ ಕೋನಕ್ಕೆ ತಿರುಗಿಸಿದರೂ ಅಲ್ಲೇ ನಿಲ್ಲಬೇಕು. ಒಂದು ಕಡೆ ಜಗ್ಗಿದರೆ ಗಿಡ್ಡ ತುದಿಗೆ ವಾಷರ್ ಅಂಟಿಸಿ ತೂಗಿಸಿ. ಹಾಗೆ ಮಾಡದಿದ್ದರೆ ಮೋಟಾರು ಮೇಲೇರುವಾಗ ಸ್ಟೆಪ್ ತಪ್ಪುತ್ತದೆ, ಮತ್ತು ತಪ್ಪಿದ್ದು ಅದಕ್ಕೆ ಗೊತ್ತಾಗುವುದೇ ಇಲ್ಲ. ಆದ್ದರಿಂದ ಪ್ರತಿ ಮುಳ್ಳಿನ ಹಿಂದೆ 3 ಮಿ.ಮೀ. ಮ್ಯಾಗ್ನೆಟ್, ಎದುರಿಗೆ ಆ ಮ್ಯಾಗ್ನೆಟ್ ಹತ್ತಿರ ಬಂದದ್ದನ್ನು ಗುರುತಿಸುವ ‘ಹಾಲ್ ಸೆನ್ಸರ್’. ದಿನಾ ನಸುಕಿನ ಮೂರಕ್ಕೆ ಎಲ್ಲ ಮುಳ್ಳೂ ಒಂದು ಸುತ್ತು ಬಂದು ತಮ್ಮ ಸೊನ್ನೆಯ ಜಾಗ ಹುಡುಕಿಕೊಳ್ಳಲಿ.

ಸಮಯ ಎಣಿಸುವ ಸಾದಾ ಕ್ವಾರ್ಟ್ಜ್ ಹರಳು 25 ಡಿಗ್ರಿಯ ಹತ್ತಿರ ಸರಿಯಾಗಿರುತ್ತದೆ. ಪೆಟ್ಟಿಗೆಯೊಳಗೆ 45 ಡಿಗ್ರಿ ಆದರೆ ದಿನಕ್ಕೆ ಸುಮಾರು 1.2 ಸೆಕೆಂಡ್ ಹಿಂದೆ ಬೀಳುತ್ತದೆ, ತಿಂಗಳಿಗೆ ಅರ್ಧ ನಿಮಿಷಕ್ಕೂ ಮೇಲೆ. ಉಷ್ಣತೆಗೆ ತಕ್ಕಂತೆ ತಿದ್ದಿಕೊಳ್ಳುವ ಡಿಎಸ್3231 ಎಂಬ ಗಡಿಯಾರದ ಚಿಪ್ ಹಾಕಿ, ಜಿಪಿಎಸ್‌ನಿಂದ ದಿನಕ್ಕೊಮ್ಮೆ ಹೊಂದಿಸಿ. ಮುಂದಿನ ಪಾಲಿಕಾರ್ಬೊನೇಟ್ ಹಾಳೆಯೂ ಹಿಗ್ಗುತ್ತದೆ: 2 ಮೀಟರ್ ಹಾಳೆ 30 ಡಿಗ್ರಿ ಏರಿಕೆಗೆ ಸುಮಾರು 4 ಮಿ.ಮೀ. ಸ್ಕ್ರೂ ತೂತು ಬಿಗಿಯಾಗಿದ್ದರೆ ಹಾಳೆ ಉಬ್ಬಿ ಮುಳ್ಳಿಗೆ ತಾಗುತ್ತದೆ.

ಅದಿರಿನ ಕೆಂಪು ದೂಳು ಗ್ರೀಸಿಗೆ ಬೆರೆತರೆ ಹಲ್ಲುಚಕ್ರಕ್ಕೆ ಉಜ್ಜುಕಾಗದ ಹಿಡಿದಂತೆ. ಬೆಲ್ಟ್ ಹಾಕುವುದೇ ಲೇಸು. ಫ್ಯಾನು ಗಾಳಿಯನ್ನು ಹೊರಕ್ಕೆ ಎಳೆಯುವಂತೆ ಕೂರಿಸಿದರೆ ಸಂದುಗೊಂದಿನಿಂದೆಲ್ಲ ದೂಳು ಒಳಬರುತ್ತದೆ. ಫಿಲ್ಟರ್ ಮೂಲಕ ಒಳಕ್ಕೆ ಊದಬೇಕು.

ನಿಮಿಷದಲ್ಲಿ 45 ಸೆಕೆಂಡ್ ಸಮಯದ ಅಂಕಿ ಕಾಣುತ್ತಿರಲಿ, ಕುಣಿತಕ್ಕೆ 15 ಸಾಕು. ಸಿಂಧನೂರು ಬಸ್ಸಿಗೆ ಓಡುವವರು ಒಮ್ಮೆ ಕಣ್ಣೆತ್ತಿದರೆ ಗಂಟೆ ಕಾಣಬೇಕು.

ಎಲ್ಲಕ್ಕಿಂತ ದೊಡ್ಡ ಗಂಡಾಂತರ ಕರೆಂಟ್ ಹೋಗುವುದು. 4:20ಕ್ಕೆ ನಿಂತ ಗೋಡೆ ಐದೂವರೆಗೂ 4:20 ಅಂದರೆ ಜನ ಬಸ್ ತಪ್ಪಿಸಿಕೊಳ್ಳುತ್ತಾರೆ. 12 ವೋಲ್ಟ್ ಬ್ಯಾಟರಿ ಇಟ್ಟು, ಕರೆಂಟ್ ಹೋದ ಹತ್ತು ಸೆಕೆಂಡಿನೊಳಗೆ ಎಲ್ಲ ಮುಳ್ಳೂ ನೇರ ಕೆಳಕ್ಕೆ ಇಳಿಯುವಂತೆ ಮಾಡಿ; ಆಗ ಗೋಡೆಯಲ್ಲಿ ಯಾವ ಅಂಕಿಯೂ ಮೂಡಿರುವುದಿಲ್ಲ. ಕರೆಂಟ್ ಹೋದದ್ದನ್ನು 230 ವೋಲ್ಟ್ ಕಡೆಯಲ್ಲೇ ಪತ್ತೆಮಾಡಬೇಕು. 12 ವೋಲ್ಟ್ ಕುಸಿಯುವವರೆಗೆ ಕಾದರೆ ತಡವಾಗುತ್ತದೆ. ಮರಳಿ ಬಂದಾಗ ಒಂದೊಂದೇ ಸಾಲು ಎಬ್ಬಿಸಿ. 48 ಮೋಟಾರು ಒಟ್ಟಿಗೆ ಎದ್ದರೆ ಪವರ್ ಸಪ್ಲೈ ಟ್ರಿಪ್ ಆಗಬಹುದು. ಒಪ್ಪಿಸುವ ಮುನ್ನ, ಮುಳ್ಳುಗಳು ಕುಣಿಯುತ್ತಿರುವಾಗಲೇ ಪ್ಲಗ್ ಕಿತ್ತು ಪರೀಕ್ಷಿಸಿ, ಕನಿಷ್ಠ ಇಪ್ಪತ್ತು ಸಲ.